ಕಾಲುಚೀಲದೊಳಗಿನ ಕೂದಲು

ಗುರುವಾರ, ೧೧ ಜನವರಿ

ಮಗು ಸಂಜೆಯಿಡೀ ಚೀರುತ್ತಿತ್ತು. "ಹೊಟ್ಟೆ ಉಬ್ಬರ ಕಣೇ, ಸುಮ್ನೆ ಗಾಬರಿಯಾಗ್ಬೇಡ," ಎಂದರು ಅತ್ತೆ. ಬಟ್ಟೆ ಬದಲಿಸಲು ಕಾಲುಚೀಲ ಎಳೆದರೆ ಕಿರುಬೆರಳು ನೇರಳೆಯಾಗಿತ್ತು. ಕೂದಲೊಂದು ಸುತ್ತಿಕೊಂಡು ಬಿಗಿದಿತ್ತು. ಬಿಡಿಸಲು ಹೋದಷ್ಟೂ ಒಳಗಿಳಿಯಿತು.

ಮಗುವನ್ನೆತ್ತಿಕೊಂಡು ನಾನೂ ಅತ್ತೆಯೂ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕೂದಲನ್ನು ಕತ್ತರಿಸಿ ತೆಗೆದರು. "ಬೆರಳು ಉಳೀತು. ಒಗೆಯೋವಾಗ ಕಾಲುಚೀಲದೊಳಗೆ ಸೇರ್ಕೊಂಡಿರುತ್ತೆ. ಇನ್ಮೇಲೆ ಒಳಗನ್ನ ಹೊರಗೆ ತಿರುಗಿಸಿ ನೋಡಿ ಹಾಕಿ."

ಹೆರಿಗೆಯಾದಾಗಿನಿಂದ ನನ್ನ ಕೂದಲು ಉದುರುತ್ತಿದೆ, ನನ್ನದೇ ಎಂದುಕೊಂಡಿದ್ದೆ. ಡಾಕ್ಟರ ನೀಲಿ ಕೈಗವಸಿನ ಮೇಲಿದ್ದದ್ದು ಬಿಳಿ ಕೂದಲು. ಮಗುವಿನ ಬಟ್ಟೆಯನ್ನು ಮಷೀನಿಗೆ ಹಾಕಗೊಡದೆ ತಾವೇ ಒಗೆಯುವವರು ಅತ್ತೆ. ಬೆಳಿಗ್ಗೆಯಷ್ಟೇ ಅದಕ್ಕೇ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು.

ಕೆಲಸದಿಂದ ಬಂದ ಇವರು ಕೇಳಿದರು, "ಏನಾಗಿತ್ತಂತೆ?"

"ಕಾಲುಚೀಲದ ದಾರ ಸುತ್ಕೊಂಡಿತ್ತು," ಎಂದೆ. ಯಾಕೆ ಹಾಗೆಂದೆನೋ. ಅತ್ತೆ ನನ್ನ ಮುಖ ನೋಡಿದರು.

ಈಗ ಹಜಾರದ ದೀಪದಡಿ ಕೂತು ಒಂದೊಂದೇ ಕಾಲುಚೀಲ ತಿರುಗಿಸಿ ನೋಡುತ್ತಿದ್ದಾರೆ. ನೋಡಿ ಪಕ್ಕಕ್ಕಿಟ್ಟದ್ದನ್ನೇ ಮತ್ತೆ ಎತ್ತಿಕೊಂಡರು. ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು. ಅವರಿಗೆ ಕಾಣುತ್ತಲೇ ಇಲ್ಲ. ನನ್ನ ಸಿಟ್ಟು ಇಳಿದಿಲ್ಲ. ಆದರೂ ಹೋಗಿ ಪಕ್ಕದಲ್ಲಿ ಕೂರದಿದ್ದರೆ ಬೆಳಗಾಗುವವರೆಗೂ ಅವರು ಹೀಗೇ ಕೂತಿರುತ್ತಾರೆ. ಪೆನ್ನು ಮುಚ್ಚಿಟ್ಟು ಏಳುತ್ತೇನೆ.