ಪಿಯಾನೋ ಮೇಲಿದ್ದ ಹಾಡಿನ ಪುಸ್ತಕ

ಸಿಡೋನಿ, ನೀನು ತೀರಿಕೊಂಡ ಮೇಲೆ ಉಳಿದ ನಿನ್ನ ಟಿಪ್ಪಣಿ ಪುಸ್ತಕಗಳನ್ನು ಪ್ರಯೋಗಾಲಯಕ್ಕೆ ಕೊಟ್ಟುಬಿಡುತ್ತೇನೆ ಎಂದು ನಿನ್ನೆ ನಿನ್ನ ಫೋಟೋದೆದುರು ಹೇಳುತ್ತಿದ್ದೆನಲ್ಲ, ಇವತ್ತು ಅಲ್ಲಿ ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಮದಾಂ ಗೋಬೆರ್ ಬಂದರು. ಕೈಯಲ್ಲಿ ವಿಕಿರಣ ಅಳೆಯುವ ಪೆಟ್ಟಿಗೆ.

"ಹೆದರ್ಬೇಡಿ, ಕಚ್ಚಲ್ಲ ಇದು," ಎಂದು ನಕ್ಕರು.

ಟಿಪ್ಪಣಿಗಳ ಮೇಲೆ ಅದು ಟಿಕ್ ಟಿಕ್ ಎಂದಿತು. ರೇಡಿಯಂ ಮುಟ್ಟಿದ ಬೆರಳುಗಳಲ್ಲವೇ. ಲಂಡನ್ನಿನ ಪತ್ರಿಕೆಯಲ್ಲಿ ಬಂದ ನಿನ್ನ ಲೇಖನದ ತಲೆಬರಹವನ್ನು, ಕಾಲೇಜಿನಲ್ಲಿ ಕಲಿತ ಅರೆಬರೆ ಇಂಗ್ಲಿಷಿನಲ್ಲಿ ನಾನು ಜಂಬದಿಂದ ಓದುತ್ತಿದ್ದೆ. ಅಷ್ಟರಲ್ಲಿ ಪೆಟ್ಟಿಗೆ ಪಿಯಾನೋ ಮೇಲಿನ ಹಾಡಿನ ಪುಸ್ತಕದ ಬಳಿ ಇನ್ನೂ ಜೋರಾಗಿ ಸದ್ದು ಮಾಡಿತು.

ಅದು ನಾನೇ ಕೊಂಡದ್ದು. ರಕ್ತ ಕೆಟ್ಟಿದೆ, ಇನ್ನು ರೇಡಿಯಂ ಮುಟ್ಟಕೂಡದು ಎಂದು ಡಾಕ್ಟರು ಹೇಳಿ, ನೀನು ಕೆಲಸ ಬಿಟ್ಟ ಮೇಲೆ. ಪ್ರತಿ ಗುರುವಾರ ಚರ್ಚಿಗೆ ಹಾಡಲು ಹೋಗುತ್ತೇನೆಂದು ನೀನು ಹೇಳಿದ್ದಕ್ಕೆ.

"ಗುರುವಾರ ನಮ್ಮ ಪ್ರಯೋಗಾಲಯಕ್ಕೇ ಬರ್ತಿದ್ಲಲ್ಲ!" ಎಂದರು ಗೋಬೆರ್. "ಮೇಜಿನ ಮೇಲೆ ಇದನ್ನಿಟ್ಕೊಂಡು, ಕೆಲಸದ ಮಧ್ಯೆ ಗುನುಗ್ತಿದ್ಲು. ಗಂಡ ಒಪ್ಪಿದಾರೆ ಅಂದಿದ್ಲು. ನಿಮಗೆ ಹೇಳಿರಲಿಲ್ವಾ?"

"ಹೇಳಿದ್ಲು," ಎಂದೆ. ನಿನ್ನ ಮಾನ ಉಳಿಸಲು ನಾನೂ ಸುಳ್ಳಾಡಿದೆ.

ಎರಡು ವರ್ಷ ಪ್ಯಾರಿಸಿನ ಚಳಿಯಲ್ಲಿ ಬಂದವಳಿಗೆ ಸೂಪು ಬಿಸಿಮಾಡಿಟ್ಟು, ಇವತ್ತು ಯಾವ ಹಾಡು ಎಂದು ಕೇಳುತ್ತಿದ್ದೆ. ನೀನು ಹಾಡಿಯೂ ತೋರಿಸುತ್ತಿದ್ದೆ! ಯಾರೂ ಕಾಣದ ಕಿರಣವನ್ನು ಮೊದಲು ಗುರುತಿಸಿದವಳು ನೀನು. ಎದುರಿಗಿದ್ದ ಸುಳ್ಳನ್ನು ಗುರುತಿಸದವನು ನಾನು.

"ಇದನ್ನ ಮನೇಲಿಟ್ಕೋಬೇಡಿ," ಎಂದು ಗೋಬೆರ್ ಕೈಚಾಚಿದರು. ಕೊಡಲಿಲ್ಲ. ಪುಸ್ತಕ ಈಗ ನನ್ನ ತೊಡೆಯ ಮೇಲಿದೆ. ಯಾವ ಪುಟದಲ್ಲಿ ನಿನ್ನ ಬೆರಳು ಹೆಚ್ಚು ಹೊತ್ತು ನಿಂತಿತ್ತೋ ಎಂದು ಒಂದೊಂದೇ ತಿರುವಿ ನೋಡುತ್ತಿದ್ದೇನೆ. ಕಿಟಕಿಯ ಬೆಳಕು ಹೋಗುತ್ತಿದೆ, ಅಕ್ಷರಗಳು ಕಾಣಿಸುತ್ತಿಲ್ಲ.