ಬೀರುವಿನಲ್ಲಿದ್ದ ಸ್ಕ್ಯಾನರ್

ಮಾರ್ಚ್ 4, ಮಂಗಳವಾರ. ಸಂಜೆ 5

ಇವತ್ತೂ ಸ್ಕ್ಯಾನರ್ ಸಿಗಲಿಲ್ಲ. ಅಂಗೈಯಗಲದ ಯಂತ್ರ, ಹೊಟ್ಟೆಯ ಮೇಲಿಟ್ಟರೆ ಒಳಗೇನಿದೆ ಎಂದು ತೋರಿಸುತ್ತದೆ. ನಮ್ಮ ಯೂರಾಲಜಿ ವಾರ್ಡಿಗೆಂದೇ ತರಿಸಿದ್ದು. ಇರುವುದು ಮಾತ್ರ ಚೀಫ್ ರೂಮಿನ ಬೀರುವಿನಲ್ಲಿ, ಬೀಗದೊಳಗೆ. ಟ್ರೈನಿ ಡಾಕ್ಟರುಗಳ ಕೈಗೆ ಕೊಟ್ಟರೆ ಹಾಳು ಮಾಡುತ್ತೀರಿ ಅಂದರು ಚೀಫ್. ಮತ್ತೆ ಪೂಜೆಗೆ ತರಿಸಿದ್ದಾ? ಮೈಯೆಲ್ಲ ಉರಿಯಿತು. ಬರಿಗೈಯಲ್ಲಿ ಬಂದೆ.

ಎರಡು ಆಪರೇಷನ್‌ಗಳ ನಡುವೆ ಓಡಿಬಂದು ಆರನೇ ಬೆಡ್ಡಿನ ಟೈಲರ್ ಅಜ್ಜನಿಗೆ ಮೂತ್ರ ಹೊರಬರುವ ಟ್ಯೂಬ್, ಕ್ಯಾತಿಟರ್, ಹಾಕಿದೆ. ಮೂತ್ರ ಕಟ್ಟಿತ್ತು. ನಾಲ್ಕು ಹನಿ ಬಂತು. ಟ್ಯೂಬ್ ಜಾರದಿರಲೆಂದು ತುದಿಯ ಬಲೂನಿಗೆ ನೀರು ತುಂಬಿಸಿದೆ. ಅಜ್ಜ ನರಳಿದರು. ಸ್ವಲ್ಪ ತಡ್ಕೊಳ್ಳಿ ಅಂದೆ. ಆಪರೇಷನ್ ಥಿಯೇಟರಿನಿಂದ ಫೋನ್ ಮೇಲೆ ಫೋನ್... ಕೇಸ್ ಶೀಟಿಗೆ ಸಹಿ ಹಾಕಲೂ ಪುರಸೊತ್ತಿಲ್ಲ.

ಮಾರ್ಚ್ 5. ಮಧ್ಯಾಹ್ನ 1.30

ಅಜ್ಜನ ಮೂತ್ರದ ಬ್ಯಾಗ್ ಖಾಲಿ. ರಕ್ತದ ರಿಪೋರ್ಟ್ ಕೆಟ್ಟಿದೆ. ಕಿಡ್ನಿ ಕೈಕೊಟ್ಟಿದೆ, ಡಯಾಲಿಸಿಸ್‌ಗೆ ಕಳಿಸಿ ಅಂತ ಸೀನಿಯರ್ — ಬಾಗಿಲಲ್ಲೇ ನಿಂತು! ಹೊಟ್ಟೆ ಬಿರಿಯುತ್ತಿದೆ ಅಂತ ಅಜ್ಜ ಒದ್ದಾಡುತ್ತಿದ್ದಾರೆಂದು ವಾರ್ಡ್ ಸಿಸ್ಟರ್ ಬೆಳಿಗ್ಗೆಯಿಂದ ಮೂರು ಸಲ ಹೇಳಿದರು. ಯಾರ ಕಿವಿಗೂ ಬೀಳಲಿಲ್ಲ. ನನ್ನ ಕಿವಿಗೂ. ದಪ್ಪ ಹೊಟ್ಟೆ, ಒತ್ತಿದರೆ ಕೈಗೆ ಏನೂ ತಿಳಿಯುವುದಿಲ್ಲ. ಸ್ಕ್ಯಾನಿಂಗ್ ರೂಮಿನವರು ಕೊಟ್ಟ ದಿನ ನಾಡಿದ್ದು. ಚೀಫ್ ಊರಲ್ಲಿಲ್ಲ.

ಬೀರುವಿನ ಕೀ ಇಟ್ಟುಕೊಳ್ಳುವ ಗುಮಾಸ್ತರ ಮೇಜಿನ ಮುಂದೆ ನಿಂತೆ. ಕೀ ಕೊಡದಿದ್ದರೆ ಬೀರು ಒಡೆಯುತ್ತೇನೆ ಅಂದೆ. ಕೊಟ್ಟರು.

2.15

ಸ್ಕ್ಯಾನರ್ ಇಟ್ಟ ತಕ್ಷಣ ಕಂಡಿತು. ಮೂತ್ರಕೋಶ ತುಂಬಿ ಬಿರಿಯುವಂತಿದೆ. ಬಲೂನ್ ಅದರೊಳಗಿಲ್ಲ. ಕೆಳಗೆ, ಮೂತ್ರದ ದಾರಿಯಲ್ಲೇ ಉಬ್ಬಿ ಅಡ್ಡ ಕೂತಿದೆ. ಉಬ್ಬಿಸಿದವಳು ನಾನು. ಥೂ ನನ್ನ ಜನ್ಮಕ್ಕೆ.

ನೀರು ತೆಗೆದು, ಬೇರೆ ಟ್ಯೂಬ್ ಹಾಕಿ, ಬಲೂನ್ ಒಳಗಿರುವುದನ್ನು ಸ್ಕ್ರೀನಿನಲ್ಲಿ ನೋಡಿದ ಮೇಲೇ ಕೈ ಬಿಟ್ಟೆ. ಒಂದೂಕಾಲು ಲೀಟರ್ ಮೂತ್ರ ಬಂತು. ಮೊದಲು ಕೆಂಪು. ಅಜ್ಜನ ಮಗಳು ನನ್ನ ಕೈ ಹಿಡಿದುಕೊಂಡರು.

"ನೀವು ಕಂಡುಹಿಡೀದೆ ಇದ್ದಿದ್ರೆ ನಮ್ಮಪ್ಪನ ಗತಿ ಏನಾಗ್ತಿತ್ತು, ಡಾಕ್ಟರಮ್ಮ."

ತಪ್ಪು ನನ್ನದೇ ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಮಾರ್ಚ್ 11

ಬರೆಯುವ ಮುಖ ಇರಲಿಲ್ಲ. ಚೀಫ್ ಬಂದವರೇ ಕೀ ವಿಷಯಕ್ಕೆ ಕೂಗಾಡಿದರು. ಸ್ಕ್ಯಾನರಿನಿಂದ ಅಜ್ಜ ಉಳಿದರೆಂದು ಮೇಲಿನವರು ಹೊಗಳಿದ್ದೇ ತಡ, ಉಲ್ಟಾ ಹೊಡೆದರು. ಸ್ಕ್ಯಾನರ್ ಇನ್ನು ವಾರ್ಡಿನಲ್ಲೇ ಇರುತ್ತದಂತೆ. ಶನಿವಾರದ ಮೀಟಿಂಗ್‌ನಲ್ಲಿ ನಾನೇ ಈ ಕೇಸ್ ಹೇಳಬೇಕಂತೆ. ಎಷ್ಟು ಖುಷಿಯಾಗಬೇಕಿತ್ತು!

ಸಿಸ್ಟರ್‌ಗೆ ಮೆಮೊ ಬಂದಿದೆ. ಕೇಸ್ ಶೀಟಿನಲ್ಲಿ ಕ್ಯಾತಿಟರ್ ಹಾಕಿದವರ ಸಹಿ ಇಲ್ಲ, ಅವತ್ತಿನ ಡ್ಯೂಟಿ ಅವರದು. ತಪ್ಪು ಅವರ ತಲೆಗೆ ಕಟ್ಟಿದ್ದಾರೆ. ಮುಂದಿನ ತಿಂಗಳು ಅವರ ಹೆಡ್ ನರ್ಸ್ ಇಂಟರ್‌ವ್ಯೂ. ಚೀಫ್ ಹತ್ತಿರ ಹೋಗಿ, ಹಾಕಿದ್ದು ನಾನು ಅಂದೆ.

"ಸುಮ್ನಿರು. ಈಗ ಬಾಯಿ ಬಿಟ್ರೆ ಟ್ರೈನಿಗಳನ್ನ ಯಾರೂ ನಂಬಲ್ಲ. ಸ್ಕ್ಯಾನರ್ ಮತ್ತೆ ಬೀರು ಸೇರುತ್ತೆ. ಬೇಕಾ?"

ನಗುತ್ತಲೇ ಹೇಳಿದರು. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು. ಆದರೆ ಒಂದು ನಿಮಿಷ ನಿಂತು ಯೋಚಿಸಿದೆನಲ್ಲ, ಅದು ಇನ್ನೂ ಹೆಚ್ಚು ಉರಿಸುತ್ತಿದೆ.

ಮಾರ್ಚ್ 15, ಶನಿವಾರ. ಬೆಳಿಗ್ಗೆ 8.50

ಕಾರಿಡಾರಿನಲ್ಲಿ ಸಿಸ್ಟರ್ ಎದುರಾದರು. ಹಾಕಿದ್ದು ಯಾರೆಂದು ಅವರಿಗೆ ಗೊತ್ತು.

"ನಾನು ಮೂರು ಸಲ ಹೇಳಿದ್ದೆ. ಅದನ್ನಾದ್ರೂ ಹೇಳ್ತೀರಾ?"

ಮೀಟಿಂಗ್ ಹಾಲ್. 'ಕ್ಯಾತಿಟರ್ ಹಾಕಿದ್ದು: ವಾರ್ಡ್ ನರ್ಸ್' ಎಂದು ಚೀಫ್ ನನ್ನ ಸ್ಲೈಡ್ ತಿದ್ದಿ ಕಳಿಸಿದ್ದಾರೆ. ಅಳಿಸಿದೆ. ನನ್ನ ಹೆಸರು ಹಾಕಿದೆ. ಕೆಳಗೆ, ಸಿಸ್ಟರ್ ಮೂರು ಸಲ ಹೇಳಿದರು, ನಾನು ಕೇಳಲಿಲ್ಲ — ಅದನ್ನೂ. ಸೇವ್ ಒತ್ತಿದೆ. ಸಿಟ್ಟಿನಲ್ಲೇ. ಹೆದರಿಕೆಯೂ ಇದೆ, ಸುಳ್ಳೇಕೆ.

ಅಯ್ಯೋ, ಮುಂದಿನ ಸಾಲಿನಲ್ಲಿ ಅಜ್ಜನ ಮಗಳು. ಎರಡು ಒಳ್ಳೆ ಮಾತಾಡಲಿ ಅಂತ ಚೀಫ್ ಕರೆಸಿದ್ದಾರಂತೆ. ನನ್ನನ್ನು ನೋಡಿ ನಗುತ್ತಿದ್ದಾರೆ. ಪಕ್ಕದ ಕುರ್ಚಿ ಖಾಲಿ ಮಾಡಿ, ಬನ್ನಿ ಅಂತ ಕೈ ಸನ್ನೆ... ಅವರು ಸ್ಲೈಡಿನಲ್ಲಿ ಓದಿ ತಿಳಿಯುವುದು ಬೇಡ. ಎದ್ದು ಹೋಗಿ ಅವರಿಗೇ ಮೊದಲು ಹೇಳುತ್ತೇನೆ, ಹಾಕಿದ್ದು ನಾನೇ ಅಂತ.