ಏರಿಯ ಆಚೆ ತುದಿಯಿಂದ

ಶಾಲೆಯ ಚಿತ್ರದ ಕೋಣೆ
ಗುರುವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೇ? ಊರೂರು ಸುತ್ತುವಾಗ ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರ ದಯೆಯಿಂದ ನಾವು ಕ್ಷೇಮ ಎಂದು ಬರೆಯಬೇಕು. ಬರೆದರೆ ಆ ದೇವರೆದುರಿಗೇ ಸುಳ್ಳು ಹೇಳಿದಂತಾಗುತ್ತದೆ.

ಶನಿವಾರ ನೀನು ಉದ್ಘಾಟಿಸಬೇಕಾದ ಮಕ್ಕಳ ಚಿತ್ರ ಪ್ರದರ್ಶನದ ವಿಷಯ ‘ನಾಳೆಯವರಿಗೂ ಉಳಿಯಲಿ ನೆಲ, ನೀರು’. ಸುಮ್ಮನೆ ಹಸಿರು ಬಳಿದರೆ ಆಗದು, ಕಂಡದ್ದನ್ನೇ ಬಿಡಿಸಿ ಎಂದು ಮಕ್ಕಳನ್ನು ಕೆರೆ ಏರಿಯ ಮೇಲೆ ಕೂರಿಸಿದೆ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು, ನಾನು ಕಲಿಸಿದ್ದು ಇಷ್ಟೇ. ಕೂತಲ್ಲಿಗೆ ಹತ್ತಿರವಿದ್ದದ್ದು ನಿನ್ನ ಬಣ್ಣದ ಕಾರ್ಖಾನೆಯ ಕೊಳವೆ. ಎಲ್ಲರ ಹಾಳೆಯಲ್ಲೂ ಅದು ಗುಡಾಣದಂತೆ ಬಾಯಿ ತೆರೆದು ಕೆಂಪು ನೀರು ಕಾರುತ್ತಿತ್ತು. ಹೆಡ್‌ಮಾಸ್ಟರು ನೋಡಿದ್ದೇ ಓಡಿ ಬಂದರು. “ಏನ್ರೀ ಟೀಚರ್, ಅನ್ನ ಹಾಕೋ ಕೈಗೇ ಮಸಿ ಬಳೀತೀರಾ? ಏರಿಯ ಆಚೆ ತುದಿಗೆ ಕರ್ಕೊಂಡ್ಹೋಗಿ ಬಿಡಿಸ್ರೀ, ಚಿಕ್ಕದಾಗಿ ಕಾಣ್ಲಿ!” ಎಂದರು. ನಾನೂ ಬುದ್ಧಿಗೇಡಿ, ಹೂಂ ಎಂದು ಹೊರಟೆ.

ಅಲ್ಲಿಂದ ಕೊಳವೆ ಇರುವೆಯಷ್ಟಾಯಿತು, ನಿಜ. ಆದರೆ ಏರಿಯ ಎರಡೂ ಅಂಚು, ದೀಪದ ಕಂಬಗಳು, ಮರದ ಸಾಲು ಎಲ್ಲವೂ ಹೋಗ್ತಾ ಹೋಗ್ತಾ ಕಿರಿದಾಗಿ ಕೂಡಿದ್ದು ಅದರ ಬಾಯಲ್ಲೇ! ನೋಡಿದವರ ಕಣ್ಣು ಬೇರೆಲ್ಲೂ ನಿಲ್ಲುವುದಿಲ್ಲ. ನನಗೆ ನಗು ಬಂತು, ಹೆಡ್‌ಮಾಸ್ಟರಿಗೆ ಬರಲಿಲ್ಲ. ನಾಳೆ ಸಂಜೆಯೊಳಗೆ ಗೋಡೆಯಿಂದ ಚಿತ್ರಗಳನ್ನು ಇಳಿಸದಿದ್ದರೆ ಸೋಮವಾರದಿಂದ ನಾನು ಬರುವುದೇ ಬೇಡವಂತೆ.

ಅಕ್ಕನ ಕೆಲಸ ಉಳಿಸು ಎಂದು ಕೇಳುತ್ತಿಲ್ಲ. ಇಳಿಸುವುದಿಲ್ಲ, ಅಷ್ಟೇ. ಹತ್ತಿರ, ದೂರ ಎಲ್ಲ ನಮಗೆ. ಮೇಲಿರುವವನಿಗೆ ಯಾವುದೂ ಚಿಕ್ಕದಾಗಿ ಕಾಣುವುದಿಲ್ಲ, ತಮ್ಮಾ. ಅವನು ನಿನ್ನನ್ನು ಕಾಯಲಿ.

ನಿನ್ನ ಅಕ್ಕ

ಇನ್ನೊಂದು ಮಾತು ಮರೆತಿದ್ದೆ, ಈ ಕಾಗದ ತರುವ ನಿನ್ನ ಲಾರಿ ಡ್ರೈವರ್ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಹೆಡ್‌ಮಾಸ್ಟರು ನಿನ್ನ ಮಗಳೊಬ್ಬಳನ್ನೇ ಕರೆದು, ಅಪ್ಪನಿಗೆ ಬೇಜಾರಾಗುತ್ತದೆ ಎಂದು ಹೇಳಿ, ಅವಳ ಕೈಯಿಂದಲೇ ಅವಳ ಚಿತ್ರದ ಕೊಳವೆಗೆ ಬಿಳಿ ಬಳಿಸಿದ್ದಾರೆ. ಗೆರೆಗಳೆಲ್ಲ ಈಗ ಒಂದು ಬಿಳಿ ಚುಕ್ಕೆಯತ್ತ ಓಡುತ್ತಿವೆ. “ಅತ್ತೆ, ಅಲ್ಲೇನಿತ್ತು ಅಂತ ಅಪ್ಪ ಕೇಳಿದ್ರೆ ಏನ್ ಹೇಳ್ಲಿ?” ಎನ್ನುತ್ತಾ ಮಗು ಬೆಳಿಗ್ಗೆಯಿಂದ ಊಟ ಬಿಟ್ಟು ಕೂತಿದೆ. ಉತ್ತರ ನನಗೂ ಗೊತ್ತು, ಅವಳಿಗೂ ಗೊತ್ತು. ಅದನ್ನು ಹೇಳಬೇಕಾದವನು ನೀನು. ಶನಿವಾರದವರೆಗೆ ಕಾಯಬೇಡ, ಇದೇ ಲಾರಿಯಲ್ಲಿ ಹೊರಟು ಬಾ.